ನೆಟ್ಟಗೆ ನಿಲ್ಲುವುದೆಂದರೆ

ಆಗಸ್ಟ್ 15ರ ಬೆಳಿಗ್ಗೆ ಊರಿನ ಮೈದಾನದಲ್ಲಿ ಧ್ವಜಾರೋಹಣವಾಗಿ, ಕವಾಯತು ಮುಗಿದು, ಮುಖ್ಯ ಅತಿಥಿಗಳ ಭಾಷಣವು ಮೊದಲ ಅರ್ಧಗಂಟೆಯನ್ನು ದಾಟುವ ಹೊತ್ತಿಗೆ, ಸಾಲಿನಲ್ಲಿ ಅಲುಗಾಡದೆ ನಿಂತ ಮಕ್ಕಳಲ್ಲಿ ಯಾರಾದರೊಬ್ಬರು ಇದ್ದಕ್ಕಿದ್ದಂತೆ ಕುಸಿದು ಬೀಳುವುದುಂಟು. ಅಧ್ಯಾಪಕರು ಓಡಿಬಂದು ಮುಖಕ್ಕೆ ನೀರು ಚಿಮುಕಿಸುತ್ತಾರೆ. ಹುಡುಗ ಬೆಳಿಗ್ಗೆ ಏನನ್ನೂ ತಿಂದಿರಲಿಲ್ಲವೆಂದು ನೆರೆದವರು ತೀರ್ಮಾನಿಸುತ್ತಾರೆ. ಹಸಿವೂ ಬಿಸಿಲೂ ಅದಕ್ಕೆ ನೆರವಾಗಿರಬಹುದು. ಆದರೆ ಅದೇ ಹುಡುಗ ಅದೇ ಬಿಸಿಲಿನಲ್ಲಿ ಅಷ್ಟೇ ಹೊತ್ತು ಕಬಡ್ಡಿ ಆಡಿ ಬೀಳದಿರುವುದೂ ಉಂಟಲ್ಲವೆ? ರಕ್ತವನ್ನು ಕಾಲಿನಿಂದ ಎದೆಗೆ ಮರಳಿಸುವ ಕೆಲಸವನ್ನು ಹೃದಯವೊಂದೇ ಮಾಡುವುದಿಲ್ಲ. ನಡೆಯುವಾಗ, ಓಡುವಾಗ, ಕಡೆಗೆ ನಿಂತಲ್ಲೇ ಕಾಲು ಬದಲಾಯಿಸುವಾಗಲೂ ಮೀನಖಂಡದ ಮಾಂಸಗಳು ಬಿಗಿದು ಸಡಿಲುತ್ತ, ತಮ್ಮ ನಡುವಣ ಸಿರೆಗಳನ್ನು ಹಿಂಡಿ, ರಕ್ತವನ್ನು ಮೇಲಕ್ಕೆ ದೂಡುತ್ತಿರುತ್ತವೆ. ಅಲುಗಾಡಕೂಡದೆಂಬ ಆಜ್ಞೆಗೆ ಒಳಗಾದ ಕಾಲಿನಲ್ಲಿ ಈ ಹಿಂಡುವಿಕೆ ನಿಂತುಹೋಗಿ, ರಕ್ತವು ಕೆಳಗೇ ಶೇಖರವಾಗಿ, ಮಿದುಳಿಗೆ ಸಲ್ಲತಕ್ಕ ಪಾಲು ಕಡಮೆಯಾದಾಗ ಮೂರ್ಛೆ ಬರುತ್ತದೆ. ನೆಲಕ್ಕೊರಗಿದ ಒಡನೆ ಆ ಪಾಲು ತಾನಾಗಿಯೇ ಸಲ್ಲಿ ಎಚ್ಚರವೂ ಬರುತ್ತದೆ. 'ಎದೆ ಮುಂದಕ್ಕೆ, ಹೊಟ್ಟೆ ಒಳಕ್ಕೆ' ಎಂದು ಕಲಿಸುವ ಡ್ರಿಲ್ ಮೇಷ್ಟರ ಶಾಸ್ತ್ರದಲ್ಲಿ ಇದಕ್ಕೆ ಎಡೆಯಿಲ್ಲ.

ನೆಟ್ಟಗೆ ನಿಲ್ಲುವುದು ಸಂಕಲ್ಪದ ಕೆಲಸ, ಮಾಂಸಖಂಡಗಳನ್ನು ಬಿಗಿಹಿಡಿಯುವ ಕೆಲಸ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ದೇಹದ ರೀತಿಯೇ ಬೇರೆ. ಸುಖವಾಗಿ ನಿಂತ ಮನುಷ್ಯನ ಭಾರವು ಇಳಿಯುವ ಲಂಬರೇಖೆಯು ಸೊಂಟದ ಕೀಲಿಗೆ ತುಸು ಹಿಂದೆಯೂ, ಮೊಣಕಾಲಿನ ಕೀಲಿಗೆ ತುಸು ಮುಂದೆಯೂ ಹಾಯ್ದು, ಪಾದದ ಕೀಲಿನ ಮುಂಭಾಗದಲ್ಲಿ ನೆಲವನ್ನು ಮುಟ್ಟುತ್ತದೆ. ಹೀಗಿರುವುದರಿಂದ ಸೊಂಟವು ಹಿಂದಕ್ಕೆ ಬಾಗಿಹೋಗದಂತೆ ಅದರ ಮುಂಭಾಗದಲ್ಲಿರುವ ದಪ್ಪನೆಯ ಅಸ್ಥಿರಜ್ಜುವೂ (ಮೂಳೆಗೆ ಮೂಳೆಯನ್ನು ಬಿಗಿಯುವ ಕಟ್ಟು), ಮೊಣಕಾಲು ವಿಪರೀತವಾಗಿ ಹಿಂದಕ್ಕೆ ಮಣಿಯದಂತೆ ಅದರ ಹಿಂಭಾಗದ ರಜ್ಜುಗಳೂ ತಡೆದು ನಿಲ್ಲುತ್ತವೆ. ಅಲ್ಲಿ ಮಾಂಸಖಂಡಗಳಿಗೆ ಹೇಳಿಕೊಳ್ಳುವಷ್ಟು ಕೆಲಸವಿಲ್ಲ. ಪಾದದ ಕೀಲಿನಲ್ಲಿ ಮಾತ್ರ ದೇಹವು ಮುಂದಕ್ಕೆ ಉರುಳಲು ಸದಾ ಹವಣಿಸುತ್ತಿರುವ ಕಾರಣ ಮೀನಖಂಡದ ಒಳಪದರದ ಮಾಂಸವು ಎಡೆಬಿಡದೆ ಅದನ್ನು ಹಿಂದಕ್ಕೆ ಎಳೆಯುತ್ತಿರಬೇಕಾಗುತ್ತದೆ. ನಿಧಾನವಾಗಿ ದುಡಿದು ತಡವಾಗಿ ದಣಿಯುವ ಕೆಂಪು ಎಳೆಗಳೇ ಆ ಮಾಂಸದಲ್ಲಿ ಬಹುಪಾಲು. ಇಷ್ಟಾದರೂ ನಿಂತ ದೇಹ ನಿಶ್ಚಲವಲ್ಲ. ಕಣ್ಣಿಗೆ ಕಾಣದಷ್ಟು ಅಲ್ಪವಾಗಿ ಹಿಂದಕ್ಕೂ ಮುಂದಕ್ಕೂ ಅದು ತೂಗುತ್ತಲೇ ಇರುತ್ತದೆ. ವ್ಯಯಮಾಡಿ ದುಡಿಯುವ ಮಾಂಸ, ವ್ಯಯವಿಲ್ಲದೆ ಹಿಡಿದಿಡುವ ರಜ್ಜು, ಇವೆರಡರ ನಡುವೆ ಗಳಿಗೆ ಗಳಿಗೆಗೂ ಆಗುತ್ತಿರುವ ಒಪ್ಪಂದವನ್ನೇ ನಾವು ನಿಲವು ಎನ್ನುತ್ತೇವೆ.

ಪ್ರಾಚೀನರಲ್ಲಿ ಸುಶ್ರುತನು ಈ ಎರಡನೆಯ ಪಕ್ಷದ ಮಹತ್ತ್ವವನ್ನು ಕಂಡುಕೊಂಡಿದ್ದನೆಂದರೆ ಅದು ಸ್ವದೇಶಾಭಿಮಾನದ ಉತ್ಪ್ರೇಕ್ಷೆಯಾಗಲಾರದು. ತನ್ನ ಸಂಹಿತೆಯ ಶಾರೀರಸ್ಥಾನದಲ್ಲಿ ಆತ 500 ಪೇಶಿಗಳನ್ನೂ 900 ಸ್ನಾಯುಗಳನ್ನೂ ಎಣಿಸುತ್ತಾನೆ. ಆತನ ಪೇಶಿಯೇ ನಮ್ಮ ಮಾಂಸಖಂಡ. ಆತನ ಸ್ನಾಯು ಮೂಳೆ ಕೀಲುಗಳನ್ನು ಬಿಗಿಯುವ ಕಟ್ಟು. ಬಿಡಿಹಲಗೆಗಳಿಂದಾದ ದೋಣಿಯು ಅನೇಕ ಬಂಧನಗಳಿಂದ ಬಿಗಿಯಲ್ಪಟ್ಟ ಮೇಲೆ ಜನರ ಭಾರವನ್ನು ಹೊತ್ತು ನೀರಿನಲ್ಲಿ ಸಾಗಬಲ್ಲುದಷ್ಟೆ. ಸ್ನಾಯುಗಳಿಂದ ಕಟ್ಟಲ್ಪಟ್ಟ ದೇಹವೂ ಹಾಗೆಯೇ ಭಾರವನ್ನು ತಾಳುತ್ತದೆ ಎಂಬುದು ಆತನ ಉಪಮೆ. ಮೂಳೆ, ಪೇಶಿ, ಸಿರೆ, ಸಂಧಿ ಇವುಗಳಿಗೆ ತಗುಲಿದ ಪೆಟ್ಟಿಗಿಂತಲೂ ಸ್ನಾಯುವಿಗೆ ತಗುಲಿದ ಪೆಟ್ಟು ಹೆಚ್ಚು ಘಾತಕವೆಂದೂ ಆತ ಹೇಳಿದ್ದಾನೆ. ಆತನ ಎಣಿಕೆಗಳು ಇಂದಿನ ಅಂಗರಚನಾಶಾಸ್ತ್ರದ ಎಣಿಕೆಗಳೊಂದಿಗೆ ಹೊಂದುವುದಿಲ್ಲ, ಹೊಂದಬೇಕೆಂದು ಹಟ ಹಿಡಿಯುವುದೂ ತರವಲ್ಲ. ಆದರೆ ಮುರಿದ ಮೂಳೆ ಕೆಲವು ವಾರಗಳಲ್ಲಿ ಕೂಡಿಕೊಂಡು ಹೊಸದರಂತಾಗುವುದನ್ನೂ, ಮೊಣಕಾಲಿನೊಳಗೆ ಹರಿದ ಅಸ್ಥಿರಜ್ಜು ವರ್ಷಗಟ್ಟಲೆ ಕಾಡುವುದನ್ನೂ ಕಂಡವರಿಗೆ ಆತನ ಮಾತಿನ ಸತ್ಯವನ್ನು ಬೇರೆ ವಿವರಿಸಬೇಕಾಗಿಲ್ಲ.

ಮಾಂಸಖಂಡದ ಶಕ್ತಿಗೆ ಒಂದು ವಿಚಿತ್ರವಾದ ಮಿತಿಯುಂಟು: ಅದು ಎಳೆಯಬಲ್ಲುದೇ ಹೊರತು ತಳ್ಳಲಾರದು. ನಾವು ಬಾಗಿಲನ್ನು ತಳ್ಳುವಾಗಲೂ ತೋಳಿನ ಹಿಂಬದಿಯ ಮಾಂಸವು ಮೊಣಕೈಯನ್ನು ಎಳೆದು ನೀಳಗೊಳಿಸುತ್ತಿರುತ್ತದೆ, ಅಷ್ಟೆ. ಆದಕಾರಣ ಪ್ರತಿಯೊಂದು ಕೀಲಿಗೂ ಎದುರುಬದುರಾಗಿ ಎಳೆಯುವ ಮಾಂಸಗಳು ಬೇಕಾಗುತ್ತವೆ. ಒಂದು ಬಿಗಿಯುವಾಗ ಇನ್ನೊಂದು ಸಡಿಲಬೇಕಾಗುತ್ತದೆ. ಈ ಸಡಿಲುವಿಕೆಯು ತಾನಾಗಿ ಆದುದಲ್ಲ, ನರಮಂಡಲವು ಆಜ್ಞೆಯಿತ್ತು ಮಾಡಿಸಿದುದು ಎಂಬುದನ್ನು ತೋರಿಸಿದವರಲ್ಲಿ ಅಗ್ರಗಣ್ಯರು 1932ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಚಾರ್ಲ್ಸ್ ಶೆರಿಂಗ್ಟನ್. ಬಿಗಿಯುವುದು ಹೇಗೆಂಬ ಪ್ರಶ್ನೆಗೆ ಉತ್ತರ ದೊರೆತದ್ದು 1954ರಲ್ಲಿ. ಪರಸ್ಪರ ಬಾಂಧವ್ಯವೇನೂ ಇಲ್ಲದ ಇಬ್ಬರು ಹಕ್ಸ್‌ಲಿಗಳು, ಆಂಡ್ರ್ಯೂ ಹಕ್ಸ್‌ಲಿ ಮತ್ತು ಹ್ಯೂ ಹಕ್ಸ್‌ಲಿ, ತಂತಮ್ಮ ಸಹೋದ್ಯೋಗಿಗಳೊಡನೆ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಒಂದೇ ಸಿದ್ಧಾಂತವನ್ನು ಮಂಡಿಸಿದರು: ಮಾಂಸದ ಎಳೆಯೊಳಗಿನ ಆಕ್ಟಿನ್, ಮಯೋಸಿನ್ ಎಂಬ ಸೂಕ್ಷ್ಮ ತಂತುಗಳು ತಾವು ಕುಗ್ಗುವುದಿಲ್ಲ, ಒಂದರ ಮಗ್ಗುಲಲ್ಲಿ ಒಂದು ಸರಿಯುತ್ತವೆ. ಮಯೋಸಿನ್ನಿನ ತುದಿಗಳು ಆಕ್ಟಿನ್ನನ್ನು ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡಿಯುವ ಈ ಕ್ರಮದಲ್ಲಿ ಬಿಡುವುದಕ್ಕೂ ಎ.ಟಿ.ಪಿ. ಎಂಬ ಇಂಧನ ಬೇಕು; ಸತ್ತ ದೇಹ ಸೆಟೆದುಕೊಳ್ಳುವುದು ಬಿಡಿಸುವ ಇಂಧನ ತೀರಿಹೋದುದರಿಂದ. ಬಿಗಿಯುವುದರಷ್ಟೇ ಸಡಿಲುವುದೂ ಜೀವಂತಿಕೆಯ ಲಕ್ಷಣ.

ಅದೇ 1954ರಲ್ಲಿ, ಅದೇ 'ನೇಚರ್' ಪತ್ರಿಕೆಯಲ್ಲಿ, ಮದರಾಸು ವಿಶ್ವವಿದ್ಯಾನಿಲಯದಿಂದ ಇನ್ನೊಂದು ಲೇಖನ ಪ್ರಕಟವಾಯಿತು. ಅದು ಮಾಂಸವನ್ನಲ್ಲ, ಕಟ್ಟನ್ನು ಕುರಿತದ್ದು. ಮಾಂಸವನ್ನು ಮೂಳೆಗೆ ಬಿಗಿಯುವ ಕಂಡರ, ಅಸ್ಥಿರಜ್ಜು, ಮಾಂಸಗಳನ್ನು ಆವರಿಸಿದ ಬಿಳಿಯ ಪೊರೆ, ಬೆನ್ನೆಲುಬಿನ ಬಿಲ್ಲೆಗಳ ಅಂಚು, ಚರ್ಮದ ಒಳಪದರ ಮೊದಲಾದ ಸಂಯೋಜಕ ಅಂಗಾಂಶಗಳಿಗೆಲ್ಲ ಬಲವನ್ನು ಕೊಡತಕ್ಕದ್ದು ಕೊಲಾಜೆನ್ ಎಂಬ ಪ್ರೋಟೀನು. ದೇಹದ ಒಟ್ಟು ಪ್ರೋಟೀನಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಅದೇ ಆಗಿದೆ. ಅದರ ಅಣುವಿನ ಸ್ವರೂಪವನ್ನು ಬಿಡಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪಿನಾಥ ಕರ್ತಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ವಿದ್ಯುತ್ ಇಂಜಿನಿಯರಿಂಗ್ ಓದಲೆಂದು ಬಂದು, ಸಿ.ವಿ. ರಾಮನ್ನರ ಆಕರ್ಷಣೆಗೆ ಸಿಲುಕಿ ಭೌತಶಾಸ್ತ್ರಕ್ಕೆ ತಿರುಗಿದ ರಾಮಚಂದ್ರನ್, ಮೂವತ್ತರ ಆಸುಪಾಸಿನಲ್ಲೇ ಮದರಾಸಿನಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. ಕಾಂಗರೂವಿನ ಬಾಲದ ಕಂಡರವೆಂಬ, ಮದರಾಸಿಗೆ ತೀರ ಅಪರಿಚಿತವಾದ ವಸ್ತುವಿನ ಮೂಲಕ ಎಕ್ಸ್-ಕಿರಣಗಳನ್ನು ಹಾಯಿಸಿ ಪಡೆದ ಚಿತ್ರಗಳಿಂದ ಅವರು ಊಹಿಸಿದ್ದು ಇದು: ಮೂರು ಸರಪಣಿಗಳು ಕೂಡಿ ಒಂದು ಅಣುವಾಗುತ್ತವೆ. ಮರುವರ್ಷ ವಿವರಗಳನ್ನು ತಿದ್ದಿದಾಗ ಚಿತ್ರ ಇನ್ನೂ ಸ್ಪಷ್ಟವಾಯಿತು. ಒಂದೊಂದು ಸರಪಣಿಯೂ ಎಡಕ್ಕೆ ಸುರುಳಿಗೊಂಡು, ಮೂರೂ ಒಟ್ಟಾಗಿ ಬಲಕ್ಕೆ ಹೊಸೆದುಕೊಂಡಿರುತ್ತವೆ. ಎಳೆಗಳನ್ನು ಒಂದು ದಿಕ್ಕಿಗೆ ತಿರುಚಿ, ಹುರಿಯನ್ನು ಇನ್ನೊಂದು ದಿಕ್ಕಿಗೆ ಹೊಸೆದರೆ ಎಳೆದಷ್ಟೂ ಬಿಚ್ಚಿಕೊಳ್ಳುವ ಬದಲು ಬಿಗಿಯುತ್ತದೆ. ಸುಶ್ರುತನ ದೋಣಿಯ ಬಂಧನ ಎಂಥದೆಂದು ತಿಳಿಯಲು ಇಷ್ಟು ಶತಮಾನಗಳು ಬೇಕಾದವು. ಮುಂದೆ 1970ರ ದಶಕದ ಆರಂಭದಲ್ಲಿ ರಾಮಚಂದ್ರನ್ ಬೆಂಗಳೂರಿಗೇ ಮರಳಿ ಅಣುಜೀವಭೌತಶಾಸ್ತ್ರದ ವಿಭಾಗವೊಂದನ್ನು ಕಟ್ಟಿದರು. ಅವರಿಗೆ ನೊಬೆಲ್ ಬರಲಿಲ್ಲವೆಂಬುದನ್ನು ಆ ಪಾರಿತೋಷಕದ ಕೊರತೆಯೆಂದೇ ನಾನು ಎಣಿಸುತ್ತೇನೆ.

ಈ ಹುರಿಯ ಬಲ ಸಾಮಾನ್ಯವಾದುದಲ್ಲ. ಒಂದು ಚದರ ಮಿಲಿಮೀಟರಿನಷ್ಟು ಅಡ್ಡಗಾತ್ರದ ಕಂಡರವು 5ರಿಂದ 10 ಕಿಲೋಗ್ರಾಂ ತೂಕವನ್ನು ಹರಿಯದೆ ತಡೆಯಬಲ್ಲುದು. ಆದರೆ ಇದನ್ನು ಕಟ್ಟುವ ಕೆಲಸಕ್ಕೆ ಸಿ ಜೀವಸತ್ತ್ವ ಬೇಕೇಬೇಕು. ಅದಿಲ್ಲದೆ ತಿಂಗಳುಗಟ್ಟಲೆ ಸಮುದ್ರದಲ್ಲಿ ಕಳೆದ ಹಿಂದಿನ ನಾವಿಕರಲ್ಲಿ ವಸಡು ಕೊಳೆಯುವುದಲ್ಲದೆ, ಎಂದೋ ಮಾಯ್ದ ಗಾಯಗಳೂ ಮತ್ತೆ ಬಾಯ್ದೆರೆಯುತ್ತಿದ್ದವು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಕಿತ್ತಿಳೆ ನಿಂಬೆಗಳನ್ನು ಕೊಟ್ಟು ಇದನ್ನು ಗುಣಪಡಿಸಿ ತೋರಿಸಿದ. ನೆಲ್ಲಿಕಾಯಿಯ ನಾಡಿನವರಾದ ನಮಗೆ ಈ ಭಯ ಅಷ್ಟಿಲ್ಲ.

ಮಾಂಸದ ಒಂದೊಂದು ಎಳೆಯನ್ನೂ, ಎಳೆಗಳ ಒಂದೊಂದು ಕಟ್ಟನ್ನೂ, ಕೊನೆಗೆ ಇಡಿಯ ಖಂಡವನ್ನೂ ಸುತ್ತಿರುವ ಪೊರೆಗಳೇ ತುದಿಯಲ್ಲಿ ಒಗ್ಗೂಡಿ ಕಂಡರವಾಗಿ ಮೂಳೆಯೊಳಕ್ಕೆ ಇಳಿಯುತ್ತವೆ. ಆದ್ದರಿಂದ ಮಾಂಸ ಎಲ್ಲಿ ಮುಗಿಯಿತು, ಕಟ್ಟು ಎಲ್ಲಿ ಆರಂಭವಾಯಿತು ಎಂದು ಗೆರೆ ಕೊಯ್ದು ಹೇಳುವುದು ಶವಚ್ಛೇದದ ಚಾಕುವಿಗೆ ಸುಲಭವೇ ಹೊರತು ಜೀವಂತ ದೇಹಕ್ಕೆ ಅನ್ವಯಿಸುವ ಮಾತಲ್ಲ. ಓಡುವವನ ಹಿಮ್ಮಡಿಯ ಕಂಡರವನ್ನು ನೋಡಿದರೆ ಇದು ಮನವರಿಕೆಯಾಗುತ್ತದೆ. ಪಾದ ನೆಲಕ್ಕೆ ತಾಗಿದಾಗ ಆ ಕಂಡರವು ಹಿಗ್ಗಿ, ವ್ಯರ್ಥವಾಗಬೇಕಾಗಿದ್ದ ಶಕ್ತಿಯನ್ನು ತನ್ನಲ್ಲಿ ಕೂಡಿಟ್ಟುಕೊಂಡು, ಪಾದ ಮೇಲೇಳುವಾಗ ಹಿಂದಕ್ಕೆ ಕೊಡುತ್ತದೆ. ಮಾಂಸವು ಹೆಚ್ಚು ಚಲಿಸದೆ ಕಂಡರವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೆ ಸಾಕು. ಇಂಗ್ಲೆಂಡಿನ ಮೆಕ್‌ನೀಲ್ ಅಲೆಗ್ಸಾಂಡರ್ ಮತ್ತು ಅವರ ಸಂಗಡಿಗರು 1987ರಲ್ಲಿ ಮಾಡಿದ ಲೆಕ್ಕದಂತೆ ಪ್ರತಿಹೆಜ್ಜೆಯಲ್ಲೂ ಹೀಗೆ ಉಳಿಯುವ ಶಕ್ತಿ ಸುಮಾರು ಮೂರನೆಯ ಒಂದು ಪಾಲು. ಅಂಗಾಲಿನ ಕಮಾನು ಉಳಿಸುವುದು ಅದಲ್ಲದೆ ಬೇರೆ. ಕಲಿತ ನಡಿಗೆಯ ಮಿತವ್ಯಯಕ್ಕೆ ಇನ್ನೊಂದು ನಿದರ್ಶನ ಕೀನ್ಯಾದ ಹೆಂಗಸರು. ತಮ್ಮ ದೇಹತೂಕದ ಐದನೆಯ ಒಂದು ಪಾಲಿನಷ್ಟು ಹೊರೆಯನ್ನು ತಲೆಯ ಮೇಲೆ ಹೊತ್ತು ಅವರು ನಡೆದಾಗ, ಬರಿಗೈಯಲ್ಲಿ ನಡೆದುದಕ್ಕಿಂತ ಹೆಚ್ಚಿನ ಆಮ್ಲಜನಕ ವ್ಯಯವಾಗಲಿಲ್ಲವೆಂದು 1986ರಲ್ಲಿ ಪ್ರಕಟವಾಯಿತು. ತಲೆಯ ಮೇಲೆ ಸಿಂಬಿಯಿಟ್ಟು, ಅದರ ಮೇಲೆ ಕೊಡವಿಟ್ಟು, ಕೈಬಿಟ್ಟು ನಡೆಯುವ ನಮ್ಮ ಹಳ್ಳಿಯ ಹೆಣ್ಣುಮಕ್ಕಳ ನಡಿಗೆಯನ್ನೂ ಹಾಗೆ ಅಳೆದು ನೋಡತಕ್ಕದ್ದು.

ಈಚೆಗೆ ಮಾಂಸದ ಮೇಲಣ ಆ ಪೊರೆಗೆ ಎಲ್ಲಿಲ್ಲದ ಪ್ರಾಶಸ್ತ್ಯ ಬಂದಿದೆ. ವೈದ್ಯರು ಫೇಶಿಯಾ ಎಂದು ಕರೆಯುವ ಇದನ್ನು ಹಿಂದೆ ಶವಚ್ಛೇದ ಮಾಡುವವರು ಅಡ್ಡಿಯೆಂದು ಕೊಯ್ದು ಎಸೆಯುತ್ತಿದ್ದರು; ಈಗ ನಗರಗಳಲ್ಲಿ ಇದನ್ನು ಉಜ್ಜಿ, ತೀಡಿ, ಉರುಳೆಗಳ ಮೇಲೆ ಹೊರಳಿಸಿ 'ಬಿಡಿಸುವ' ಚಿಕಿತ್ಸಾಲಯಗಳು ತಲೆಯೆತ್ತಿವೆ. ತೀಡಿಸಿಕೊಂಡವರಿಗೆ ಹಾಯೆನಿಸುವುದು ನಿಜ. ಆದರೆ ತೊಡೆಯ ಪಕ್ಕದ ದಪ್ಪನೆಯ ಪಟ್ಟಿಯಂಥ ಪೊರೆಯು ಕೈಬೆರಳ ಒತ್ತಡಕ್ಕೆ ಉದ್ದವಾಗುವಷ್ಟು ಮೆದುವಾಗಿದ್ದರೆ ಅದರ ಮೇಲೆ ಭಾರವಿಟ್ಟು ನಿಲ್ಲುವುದು ಹೇಗೆ ಸಾಧ್ಯವಾಗುತ್ತಿತ್ತು? ಆ ಹಾಯಿಯ ಬಹುಪಾಲು ನರಗಳ ಶಮನದಿಂದ ಬಂದುದೆಂದು ತಿಳಿಯುವುದು ಹೆಚ್ಚು ಯುಕ್ತ.

ಕಟ್ಟುಗಳ ಸೇವೆಗೂ ಒಂದು ಮೇರೆಯುಂಟು ಎಂಬುದನ್ನು ತಿಳಿಯಬೇಕಾದರೆ ಮಳೆಗಾಲದಲ್ಲಿ ನಾಟಿಯ ಗದ್ದೆಗೆ ಹೋಗಬೇಕು. ಸೊಂಟದಿಂದ ಪೂರ್ತಿಯಾಗಿ ಬಾಗಿ, ಒಂದು ಕೈಯಲ್ಲಿ ಸಸಿಯ ಕಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ನೆಡುತ್ತ ಹಿಂದಕ್ಕೆ ಸರಿಯುವ ಹೆಂಗಸಿನ ಬೆನ್ನು ಮಾಂಸದ ಬಲದಿಂದಲೇ ನಿಂತಿದೆಯೆಂದು ನಾವು ಭಾವಿಸುತ್ತೇವೆ. 1950ರ ದಶಕದಲ್ಲಿ ಲಂಡನ್ನಿನ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬಿಬ್ಬರು ಬೆನ್ನಿನ ಮಾಂಸಗಳ ವಿದ್ಯುತ್ ಸ್ಪಂದನವನ್ನು ಅಳೆದು ಕಂಡದ್ದು ಇದಕ್ಕೆ ವಿರುದ್ಧವಾದುದು: ಬಾಗತೊಡಗಿದಾಗ ದುಡಿಯುವ ಆ ಮಾಂಸಗಳು ಪೂರ್ತಿ ಬಾಗಿದ ಮೇಲೆ ಮೌನವಾಗಿಬಿಡುತ್ತವೆ. ಆಗ ಮುಂಡದ ಭಾರವೆಲ್ಲ ಬೆನ್ನೆಲುಬಿನ ಹಿಂಬದಿಯ ಅಸ್ಥಿರಜ್ಜುಗಳ ಮೇಲೂ ಮಾಂಸ ಪೊರೆಗಳ ಸೆಳೆತದ ಮೇಲೂ ನಿಲ್ಲುತ್ತದೆ. ವ್ಯಯವಿಲ್ಲದ ಏರ್ಪಾಡು ಇದು. ಆದುದರಿಂದಲೇ ಗಂಟೆಗಟ್ಟಲೆ ಬಾಗಿರುವುದು ಸಾಧ್ಯ. ಆದರೆ ಕೊಲಾಜೆನ್ನಿನ ಕಟ್ಟು ಬಹುಕಾಲ ಒಂದೇ ಸಮನೆ ಎಳೆಯಲ್ಪಟ್ಟರೆ ಸ್ವಲ್ಪಸ್ವಲ್ಪವಾಗಿ ಹಿಗ್ಗುತ್ತದೆ. ಎಳೆತ ನಿಂತೊಡನೆ ಹಿಂದಿನ ಅಳತೆಗೆ ಬರುವುದೂ ಇಲ್ಲ, ಅದಕ್ಕೆ ಕಾಲಾವಕಾಶ ಬೇಕು. ಆ ಸಡಿಲ ಅವಧಿಯಲ್ಲಿ ಕೀಲುಗಳಿಗೆ ಕಾವಲು ಕಡಮೆ. ಬಹಳ ಹೊತ್ತು ಬಾಗಿದ್ದವರು ಮೇಲೆದ್ದು, ಸೊಂಟಕ್ಕೆ ಕೈಕೊಟ್ಟು ತುಸು ಹಿಂದಕ್ಕೆ ಬಾಗಿ, ಎರಡು ಮಾತಾಡಿ, ಎಲೆಯಡಿಕೆ ಹಾಕಿಕೊಂಡು ಮತ್ತೆ ಕೆಲಸಕ್ಕಿಳಿಯುವುದನ್ನು ಸೋಮಾರಿತನವೆಂದು ಗೊಣಗುವ ಯಜಮಾನರಿದ್ದಾರೆ. ಶರೀರಶಾಸ್ತ್ರವು ಆ ಹೆಂಗಸರ ಪಕ್ಷದಲ್ಲಿದೆ. ಅಪಾಯವಿರುವುದು ಬಾಗಿದ್ದವರು ಎದ್ದ ಕೂಡಲೇ ಸಸಿಯ ಹೊರೆಯನ್ನೋ ಗೊಬ್ಬರದ ಮೂಟೆಯನ್ನೋ ಎತ್ತುವುದರಲ್ಲಿ. ಮೂರು ಗಂಟೆ ಬೆನ್ನು ಬಾಗಿಸಿ ಕಾರು ಓಡಿಸಿ, ಇಳಿದೊಡನೆ ಭಾರದ ಪೆಟ್ಟಿಗೆಯನ್ನು ಎಳೆದೆತ್ತುವ ಪಟ್ಟಣಿಗನ ಅಪಾಯವೂ ಅದೇ.

ದೇಹವು ತಾನು ಹೆಚ್ಚಾಗಿ ಇರುವ ಭಂಗಿಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳುತ್ತದೆ. 1972ರಲ್ಲಿ ಫ್ರಾನ್ಸಿನ ಟಾಬಾರಿ ಮತ್ತು ಸಂಗಡಿಗರು ಬೆಕ್ಕಿನ ಮೀನಖಂಡವನ್ನು ಕುಗ್ಗಿದ ಸ್ಥಿತಿಯಲ್ಲಿ ಪಟ್ಟಿ ಹಾಕಿ ಕೆಲವು ವಾರ ಇರಿಸಿದಾಗ, ಎಳೆಯುದ್ದಕ್ಕೂ ಸಾಲಾಗಿ ಜೋಡಿಸಿಕೊಂಡಿದ್ದ ಸಂಕೋಚನದ ಘಟಕಗಳಲ್ಲಿ ಶೇಕಡಾ 40ರಷ್ಟು ಕಾಣೆಯಾಗಿದ್ದವು. ಹಿಗ್ಗಿದ ಸ್ಥಿತಿಯಲ್ಲಿರಿಸಿದಾಗ ಶೇಕಡಾ 20ರ ಹತ್ತಿರ ಹೊಸದಾಗಿ ಸೇರಿದ್ದವು. ಪಟ್ಟಿ ಬಿಚ್ಚಿದ ಮೇಲೆ ಎರಡೂ ಮೊದಲಿನ ಸಂಖ್ಯೆಗೆ ಮರಳಿದವು. ಮಾಂಸವು ವಾರಗಳಲ್ಲಿ ಬದಲಾದರೆ ಮೂಳೆಯು ಬಾಳಿನ ಅಭ್ಯಾಸವನ್ನೇ ಬರೆದಿಟ್ಟುಕೊಳ್ಳುತ್ತದೆ. ಲಾಹೋರಿನಲ್ಲಿ ಅಂಗರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಹ್ಯಾವ್ಲಾಕ್ ಚಾರ್ಲ್ಸ್ 1893ರಲ್ಲಿ ಪಂಜಾಬಿಗಳ ಕಾಲಿನ ಮೂಳೆಗಳನ್ನು ಪರೀಕ್ಷಿಸಿ, ಕುಕ್ಕರಗಾಲಿನಲ್ಲಿ ಕೂರುವ ರೂಢಿಯಿಂದ ಪಾದದ ಕೀಲಿನಲ್ಲಿ ಉಂಟಾಗುವ ವಿಶೇಷವಾದ ನುಣುಪು ಮುಖಗಳನ್ನು ವರ್ಣಿಸಿದರು. ನೆಲದ ಮೇಲೆ ಉಣ್ಣುವುದು, ಚಕ್ಕಳಮಕ್ಕಳ ಹಾಕುವುದು, ಒರಳಿನ ಮುಂದೆ ಕೂರುವುದು, ಕುಕ್ಕರಗಾಲಿನಲ್ಲಿ ಪಾತ್ರೆ ತೊಳೆಯುವುದು ಇವೆಲ್ಲ ಒಂದು ತಲೆಮಾರಿನಲ್ಲಿ ಮಾಯವಾಗಿ, ಕುರ್ಚಿ, ಮೇಜು, ಕಮೋಡುಗಳ ಮನೆಯಲ್ಲಿ ಬೆಳೆದ ಮಗು ಹದಿನೈದನೆಯ ವಯಸ್ಸಿಗೇ ಹಿಮ್ಮಡಿ ಊರಿ ಕುಕ್ಕರಿಸಲಾರದಾಗುವುದಕ್ಕೆ ವಂಶವಾಹಿನಿಯನ್ನು ದೂರಬೇಕಾಗಿಲ್ಲ. ಮೊಣಕಾಲು ಸವೆದ ಹಿರಿಯರಿಗೆ ಕಮೋಡು ಉಪಕಾರವೇ. ನಾನು ಹೇಳುತ್ತಿರುವುದು ಮಕ್ಕಳ ವಿಷಯ.

ಆದರೆ ಕಂಡರವು ಮಾಂಸದ ವೇಗದಲ್ಲಿ ಬದಲಾಗುವುದಿಲ್ಲ. ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಒಂದು ಸಂಗತಿ ಈ ವಿಷಯದಲ್ಲಿ ವಿಸ್ಮಯಕರವಾಗಿದೆ. 1955ರಿಂದ 1963ರವರೆಗೆ ನಡೆದ ಪರಮಾಣು ಬಾಂಬುಗಳ ಪರೀಕ್ಷೆಯಿಂದ ಗಾಳಿಯಲ್ಲಿ ಒಂದು ಬಗೆಯ ವಿಕಿರಣಶೀಲ ಇಂಗಾಲ ಹೆಚ್ಚಿ, ಆಮೇಲೆ ವರ್ಷವರ್ಷಕ್ಕೂ ಇಳಿಯುತ್ತ ಬಂದಿದೆ. ಆ ಇಂಗಾಲದ ಪ್ರಮಾಣವನ್ನು ಹಿಮ್ಮಡಿಯ ಕಂಡರದ ಒಳತಿರುಳಿನಲ್ಲಿ ಅಳೆದಾಗ, ಆ ತಿರುಳು ಆ ಮನುಷ್ಯನ ಮೊದಲ 17 ವರ್ಷಗಳಲ್ಲಿ ನಿರ್ಮಾಣವಾಗಿ ಅನಂತರ ಹೆಚ್ಚುಕಡಮೆ ಹಾಗೆಯೇ ಉಳಿದುದೆಂದು ಗೊತ್ತಾಯಿತು. ಬಾಲ್ಯದಲ್ಲಿ ಓಡಿದ ಹಿಮ್ಮಡಿಯ ಮೇಲೆಯೇ ಮುಪ್ಪಿನಲ್ಲೂ ನಡೆಯುತ್ತೇವೆ. ನಲವತ್ತು ದಾಟಿದ ಗೃಹಸ್ಥನು ವೈದ್ಯರ ಎಚ್ಚರಿಕೆಗೆ ಬೆದರಿ ಒಮ್ಮೆಗೇ ಓಡತೊಡಗಿದಾಗ, ಮಾಂಸವು ಕೆಲವೇ ವಾರಗಳಲ್ಲಿ ಬಲಿತು ಅವನನ್ನು ಹುರಿದುಂಬಿಸುತ್ತದೆ, ಕಂಡರವು ಹಿಂದುಳಿಯುತ್ತದೆ; ಹಿಮ್ಮಡಿಯ ನೋವು ಹುಟ್ಟುವುದು ಈ ಅಂತರದಲ್ಲಿ.

ಇನ್ನು ಇಷ್ಟನ್ನೆಲ್ಲ ನಡೆಸುವ ಒಳಗಣ ಅರಿವು. ಮಾಂಸದಲ್ಲೂ ಕಂಡರದಲ್ಲೂ ಹುದುಗಿರುವ ಸೂಕ್ಷ್ಮೇಂದ್ರಿಯಗಳು ತಮ್ಮ ಹಿಗ್ಗು ಕುಗ್ಗುಗಳನ್ನು ಎಡೆಬಿಡದೆ ವರದಿಮಾಡುತ್ತಿರುವುದರಿಂದಲೇ ಕಣ್ಣು ಮುಚ್ಚಿದರೂ ನಮ್ಮ ಕೈ ಎಲ್ಲಿದೆಯೆಂದು ನಮಗೆ ತಿಳಿಯುತ್ತದೆ. 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ 19 ವರ್ಷದ ಯುವಕನೊಬ್ಬ ಜ್ವರಬಿದ್ದೆದ್ದಾಗ ಕುತ್ತಿಗೆಯಿಂದ ಕೆಳಕ್ಕೆ ಈ ಅರಿವೇ ಅಳಿಸಿಹೋಗಿತ್ತು. ಮಾಂಸಖಂಡಗಳಿಗೆ ಬಲವಿತ್ತು, ಕಟ್ಟುಗಳು ನೆಟ್ಟಗಿದ್ದವು. ಆದರೂ ಏಳಲಾರ, ಕೂರಲಾರ. ಕಣ್ಣಿನಿಂದ ಕಾಲನ್ನು ನೋಡುತ್ತ, ಪ್ರತಿಯೊಂದು ಚಲನೆಯನ್ನೂ ಯೋಚಿಸಿ ಮಾಡುತ್ತ, ಆತ ಬಹುಕಾಲದ ಸಾಧನೆಯಿಂದ ಮತ್ತೆ ನಡೆಯಲು ಕಲಿತ. ದೀಪ ಆರಿದರೆ ಕುಸಿದುಬೀಳುತ್ತಿದ್ದ. ಸಂಕಲ್ಪಮಾತ್ರದಿಂದ ನಿಲ್ಲುವುದೆಂದರೆ ಏನೆಂಬುದು ಆತನಿಗೊಬ್ಬನಿಗೆ ಗೊತ್ತು.

ಆದ್ದರಿಂದ 'ಬೆನ್ನು ನೆಟ್ಟಗಿಟ್ಟುಕೋ' ಎಂದು ಮಕ್ಕಳನ್ನು ದಿನವಿಡೀ ಗದರಿಸುವುದು ಫಲಕಾರಿಯಲ್ಲವೆಂದು ನನ್ನ ಅಭಿಪ್ರಾಯ. ಯಾವ ಭಂಗಿಯೂ ತನ್ನಷ್ಟಕ್ಕೆ ಪಾಪವಲ್ಲ. ಬೆನ್ನು ಗೂನಿಸಿ ಹತ್ತು ನಿಮಿಷ ಕುಳಿತವನಿಗಿಂತ ಸೆಟೆದು ಎರಡು ಗಂಟೆ ಕುಳಿತವನು ಸುಖಿಯೆಂದು ಹೇಳಲಾಗದು. ಮೈಸೂರಿನ ಯೋಗಶಾಲೆಯಲ್ಲಿ ಕೃಷ್ಣಮಾಚಾರ್ಯರಿಂದ ಕಲಿತ, ಕೋಲಾರ ಜಿಲ್ಲೆಯ ಬೆಳ್ಳೂರಿನವರಾದ ಬಿ.ಕೆ.ಎಸ್. ಅಯ್ಯಂಗಾರ್ಯರು ಆಸನಗಳಿಗೆ ಮರದ ತುಂಡು, ಪಟ್ಟಿ, ಹಗ್ಗಗಳನ್ನು ಆಸರೆಯಾಗಿ ಬಳಸಿದಾಗ ಅದನ್ನು ಹಗುರಾಗಿ ಕಂಡವರಿದ್ದರು. ಆಸರೆಯಿದ್ದರೆ ಮಾಂಸವು ಹೋರಾಡಬೇಕಾಗಿಲ್ಲ. ಕಟ್ಟಿಗೆ ಬೇಕಾದ ಮೆಲುವಾದ, ದೀರ್ಘವಾದ ಸೆಳೆತ ದೊರೆಯುತ್ತದೆ. ದಿನಕ್ಕೊಮ್ಮೆ ನೆಲದ ಮೇಲೆ ಕುಳಿತು ಉಣ್ಣುವ, ಕೈಯೂರದೆ ಮೇಲೇಳುವ ರೂಢಿಯನ್ನು ಇಟ್ಟುಕೊಳ್ಳಬಲ್ಲವರು ಬಿಡದಿರಲಿ. ಕುರ್ಚಿಯಲ್ಲೇ ದುಡಿಯಬೇಕಾದವರು ಅರ್ಧಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ.

ವಯಸ್ಸಾಯಿತು, ಇನ್ನೇನಾಗುತ್ತದೆ ಎನ್ನುವವರಿಗೆ ಒಂದು ಸಂಗತಿಯನ್ನು ತಿಳಿಸಬೇಕು. 1990ರಲ್ಲಿ ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಹೋದ್ಯೋಗಿಗಳು, ವೃದ್ಧಾಶ್ರಮದಲ್ಲಿದ್ದ 86ರಿಂದ 96 ವರ್ಷದ 10 ಮಂದಿ ದುರ್ಬಲರಿಗೆ 8 ವಾರಗಳ ಕಾಲ ತೊಡೆಯ ಮಾಂಸಕ್ಕೆ ಭಾರವೆತ್ತುವ ವ್ಯಾಯಾಮ ಮಾಡಿಸಿದ ಪ್ರಯೋಗವನ್ನು ಪ್ರಕಟಿಸಿದರು. ಪೂರೈಸಿದವರು 9 ಮಂದಿ. ಅವರ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು, ಇಬ್ಬರು ಊರುಗೋಲನ್ನು ಬಿಟ್ಟು ನಡೆದರು. ವ್ಯಾಯಾಮ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಆ ಬಲದ ದೊಡ್ಡ ಪಾಲು ಕರಗಿಹೋಯಿತು.